ಹೊರಟವರ ಬೆನ್ನಿಗೆ ನೀರು

ಎಲ್ಲವೂ ಆದದ್ದು ಒಂದು ಬಕೆಟ್ ನೀರಿನಿಂದ.

ದೂರಕ್ಕೆ ಹೊರಟವರ ಬೆನ್ನ ಹಿಂದೆ ಹೊಸ್ತಿಲಾಚೆಗೆ ಒಂದು ಲೋಟ ನೀರು ಚೆಲ್ಲುವುದು ಓರಾನ್ ಪಟ್ಟಣದ ಪದ್ಧತಿ. ನೀರು ಹರಿದಷ್ಟು ಸಲೀಸಾಗಿ ಹೋಗಲಿ, ಹೋದಷ್ಟೇ ಸಲೀಸಾಗಿ ಮರಳಲಿ ಎಂಬ ಹಾರೈಕೆ ಅದು. ಒಬ್ಬ ಮನುಷ್ಯನನ್ನು ಮರಳಿ ತರಲು ಒಂದು ಲೋಟ ಧಾರಾಳವಾಗಿ ಸಾಕು. ಆದರೆ ಆ ಶುಕ್ರವಾರ ಬೆಳಿಗ್ಗೆ ಮಿಲೂದ್ ಪೆಟ್ಟಿಗೆ ಹಿಡಿದು ಹೊರಬಿದ್ದಾಗ ಆ ಓಣಿಯಲ್ಲಿ ಲೋಟ ಹಿಡಿದು ನಿಂತವಳು ಅವನ ಹೆಂಡತಿ ಬಖ್ತಾ ಒಬ್ಬಳೇ. ಉಳಿದವರ ಕೈಯಲ್ಲಿ ತಂಬಿಗೆ, ಹೂಜಿಗಳಿದ್ದವು. ಮೂರನೆಯ ಮಹಡಿಯ ಮುದುಕಿ ಲಲ್ಲಾ ಸೆತ್ತಿ, ಪ್ರೀತಿಯಲ್ಲಿ ತಾನು ಯಾರಿಗೂ ಕಡಿಮೆಯಾಗಬಾರದೆಂದು, ಬಾಲ್ಕನಿಯ ಕಂಬಿಯ ಮೇಲೆ ಬಕೆಟ್ಟನ್ನೇ ಏರಿಸಿಟ್ಟುಕೊಂಡಿದ್ದಳು.

"ಹೋಗಿ ಬಾರೋ ಮಗನೇ ಮಿಲೂದ್!" ಎಂದು ಆಕೆ ಅದನ್ನು ಬೋರಲು ಹಾಕಿದಳು.

ಹಾರೈಕೆ ಗುರಿ ತಪ್ಪಲಿಲ್ಲ. ನೆತ್ತಿಯ ಮೇಲೆ ಬಿದ್ದು, ಕತ್ತಿನ ಪಟ್ಟಿಯೊಳಗೆ ಇಳಿದು, ಕೋಟಿನ ಒಳಜೇಬನ್ನು ತುಂಬಿ, ಬೂಟಿನಲ್ಲಿ ನಿಂತಿತು. ಮಿಲೂದ್ ಬಾವಿಯಿಂದ ಎತ್ತಿದ ಬೆಕ್ಕಿನಂತೆ ಕಣ್ಣು ಪಿಳುಕಿಸಿದ.

"ಬಟ್ಟೆ ಬದಲಾಯಿಸಿ ಬರ್ತೀನಿ" ಎಂದು ಅವನು ತಿರುಗಿದ್ದೇ ತಡ, ಓಣಿಗೆ ಓಣಿಯೇ ಕೂಗಿಕೊಂಡಿತು.

"ಬೇಡ ಬೇಡ! ನೀರು ಬಿದ್ದ ಮೇಲೆ ಹೊಸ್ತಿಲು ತುಳಿದರೆ ಪ್ರಯಾಣ ಕೆಡುತ್ತೆ" ಎಂದು ಕ್ಷೌರಿಕ ಲಖ್ದರ್ ಅಂಗಡಿಯ ಟವಲಿನಿಂದ ಅವನ ತಲೆ ಒರೆಸಿದ. "ಒದ್ದೆಯಾದ್ರೆ ಶುಭವೇ ಕಣಯ್ಯ. ನಿನ್ನ ಹಡಗೂ ಒದ್ದೇಲೇ ತಾನೆ ಹೋಗೋದು?"

"ಬಿಸಿಲಿದೆ, ದಾರೀಲೇ ಒಣಗುತ್ತೆ. ಹೊರಡಿ ಹೊರಡಿ" ಎಂದಳು ಬಖ್ತಾ, ಬಾಗಿಲನ್ನು ಅರ್ಧ ಮುಚ್ಚುತ್ತ.

ಅವಳ ದನಿಯಲ್ಲಿದ್ದ ಅವಸರ ಮಿಲೂದನ ಮನಸ್ಸನ್ನು ಕಲಕಿತು. ಅಗಲಿಕೆಯನ್ನು ಹೆಚ್ಚು ಹೊತ್ತು ನೋಡಲಾರಳು ಪಾಪ, ಎಂದುಕೊಂಡ. ಬೆಳಿಗ್ಗೆ ಅಡುಗೆಮನೆಯಲ್ಲಿ ಹಬ್ಬದ ದಿನ ಮಾತ್ರ ಅಟ್ಟದಿಂದ ಇಳಿಯುವ, ಗೋಧಿರವೆಯ ಕುಸ್ಕುಸ್ ಬೇಯಿಸುವ ದೊಡ್ಡ ಪಾತ್ರೆ ಒಲೆಯ ಮೇಲೆ ಕುಳಿತಿತ್ತು. ಒಬ್ಬಳಿಗೆ ಅಷ್ಟು ದೊಡ್ಡ ಪಾತ್ರೆ! ದುಃಖದಲ್ಲಿ ಕೈಗೆ ಅಳತೆ ತಪ್ಪುತ್ತದೆ. ಅವನ ಮಂಚಕ್ಕೆ ಹೊಸ ಹಾಸಿಗೆಬಟ್ಟೆ ಹಾಸಿದ್ದಳು. ತಾನಿಲ್ಲದ ಹಾಸಿಗೆಯನ್ನೂ ಅಲಂಕರಿಸುವಷ್ಟು ಪ್ರೀತಿ. ಇಷ್ಟು ವರ್ಷ ಬಾಳಿಯೂ ತಾನು ಇವಳನ್ನು ಅರಿಯಲಿಲ್ಲವಲ್ಲ ಎಂಬ ಪಶ್ಚಾತ್ತಾಪದೊಂದಿಗೆ ಅವನು ಬಂದರಿನ ಕಡೆಗೆ ನಡೆದ. ಬೂಟುಗಳು ಪ್ರತಿ ಹೆಜ್ಜೆಗೂ ಕಪ್ಪೆಗಳಂತೆ ವಟಗುಟ್ಟುತ್ತಿದ್ದವು.

ಮಿಲೂದನ ಧ್ವನಿಯನ್ನು ಕೇಳದವರು ಆ ಊರಿನಲ್ಲಿ ಕಡಿಮೆ. ಮುಖವನ್ನು ಬಲ್ಲವರು ಇನ್ನೂ ಕಡಿಮೆ. ಮೂವತ್ತು ವರ್ಷ ಬಂದರಿನ ಗಾಜಿನ ಕೋಣೆಯೊಂದರಲ್ಲಿ ಕುಳಿತು ಧ್ವನಿವರ್ಧಕದಲ್ಲಿ ಹಡಗುಗಳ ಆಗಮನ ನಿರ್ಗಮನಗಳನ್ನು ಸಾರಿದವನು ಅವನು. ಮೊದಲು ಎರಡು ಸಲ ಕೆಮ್ಮು. ಅನಂತರ ಮಾರ್ಸೇಯ್, ಅಲಿಕಾಂತೆ, ಅಲ್ಮೇರಿಯಾ. ಕಡಲಗಾಳಿ ಆ ಹೆಸರುಗಳನ್ನು ಹೊತ್ತು ಬಂದು ಮನೆಮನೆಯ ಅಂಗಳದಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ಉದುರಿಸಿ ಹೋಗುತ್ತಿತ್ತು. ಸಾವಿರಾರು ಮಂದಿಯನ್ನು ಕಡಲಾಚೆಗೆ ಕಳಿಸಿದ ಆ ಧ್ವನಿಯ ಒಡೆಯ ಮಾತ್ರ ಒಮ್ಮೆಯೂ ಹಡಗು ಹತ್ತಿರಲಿಲ್ಲ. ನಿವೃತ್ತನಾದ ಮೇಲೆ ಆ ಹೆಸರುಗಳು ಅವನ ಎದೆಯಲ್ಲಿ ಬಾಡಿಗೆ ಕೊಡದ ಒಕ್ಕಲುಗಳಂತೆ ಗಲಾಟೆ ಮಾಡತೊಡಗಿದವು. ಎಷ್ಟೋ ಸಲ ನಿರಾಕರಣೆಯಾಗಿ ಕೊನೆಗೂ ಮಾರ್ಸೇಯ್‌ಗೆ ಹೋಗಲು ವೀಸಾ ಸಿಕ್ಕಿತ್ತು.

"ಮಾರ್ಸೇಯಲ್ಲಿ ಯಾರಿದ್ದಾರೋ ನಿಂಗೆ?" ಎಂದು ಲಖ್ದರ್ ಕೇಳಿದ್ದ.

"ಯಾರೂ ಇಲ್ಲ."

"ಮತ್ತೆ? ಚಿಕಿತ್ಸೆನಾ? ವ್ಯಾಪಾರನಾ?"

"ನೋಡೋಕೆ."

"ಏನನ್ನ?"

"ಸುಮ್ನೆ. ಬೀದಿ, ಮರ, ಜನ. ಪ್ರವಾಸಿ ಥರ."

ಲಖ್ದರ್ ಕತ್ತರಿ ಕೆಳಗಿಟ್ಟು ಅವನ ಹಣೆ ಮುಟ್ಟಿ ನೋಡಿದ್ದ. ಸುದ್ದಿ ಹರಡಿದ ಮೇಲೆ ಓಣಿ ಒಂದು ವಾರ ನಕ್ಕಿತು. ನಕ್ಕು ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ಏನೇನು ತರಬೇಕೆಂದು ಹೇಳಿಹೋಯಿತು. ಲಖ್ದರನಿಗೆ ಕತ್ತರಿ, ಲಲ್ಲಾ ಸೆತ್ತಿಗೆ ಮಂಡಿನೋವಿನ ಮುಲಾಮು, ಬಖ್ತಾಳಿಗೆ ಅಲ್ಲಿಯ ಆಲಿವ್ ಸಾಬೂನು.

ಬಂದರಿನ ಕಿಟಕಿಯಲ್ಲಿದ್ದ ಯುವ ಅಧಿಕಾರಿ ಪಾಸ್‌ಪೋರ್ಟನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದ. ಅದರಿಂದ ಹನಿ ತೊಟ್ಟಿಕ್ಕಿತು.

"ಚಿಕ್ಕಪ್ಪ, ಇದು ಪಾಸ್‌ಪೋರ್ಟೋ, ಹಾಲಲ್ಲಿ ನೆನೆಸಿದ ರೊಟ್ಟಿಯೋ?"

"ಬೀಳ್ಕೊಡುಗೆ ಸ್ವಲ್ಪ ಜೋರಾಯ್ತು, ಸ್ವಾಮಿ."

ಅಧಿಕಾರಿ ವೀಸಾದ ಪುಟವನ್ನು ಮೆಲ್ಲನೆ ಬಿಡಿಸಿದ. ಮಸಿಯೆಲ್ಲ ಕದಡಿ ಮೋಡವಾಗಿತ್ತು. "ನೋಡಿ, ಫೋಟೋದಲ್ಲಿದ್ದ ನಿಮ್ಮ ಮೀಸೆ ಪಕ್ಕದ ಪುಟಕ್ಕೆ ಹೋಗಿದೆ. ನಿಮಗಿಂತ ಮೊದಲೇ ಅದು ಗಡಿ ದಾಟಿದೆ."

ಮಿಲೂದನಿಗೆ ಉಳಿದದ್ದು ಒಂದೇ ಆಸ್ತಿ. ಅವನು ಎದೆ ಸೆಟೆಸಿ ಎರಡು ಸಲ ಕೆಮ್ಮಿ, "ಮಾರ್ಸೇಯ್‌ಗೆ ಹೊರಡುವ ಪ್ರಯಾಣಿಕರ ಗಮನಕ್ಕೆ..." ಎಂದ.

ಅಧಿಕಾರಿ ಕುರ್ಚಿಯಿಂದ ಎದ್ದೇಬಿಟ್ಟ. "ಅಯ್ಯೋ, ನೀವಾ? ಆ ಕೆಮ್ಮು ಕೇಳ್ಕೊಂಡೇ ಬೆಳೆದವನು ನಾನು! ಕೂತ್ಕೊಳ್ಳಿ, ಟೀ ತರಿಸ್ತೀನಿ."

"ಹಾಗಾದ್ರೆ ಹಡಗು?"

"ಟೀ ಎಷ್ಟು ಬೇಕಾದ್ರೂ ಕುಡೀರಿ. ಹಡಗು ಮಾತ್ರ ಆಗಲ್ಲ, ಚಿಕ್ಕಪ್ಪ."

ಟೀ ಕುಡಿದು ಮಿಲೂದ್ ಹೊರಬಂದ. ಕಡಲದಂಡೆಯ ಎತ್ತರದ ಬೀದಿಯಲ್ಲಿ ಖರ್ಜೂರದ ಮರಗಳ ಕೆಳಗೆ ಪೆಟ್ಟಿಗೆಯ ಮೇಲೆ ಕುಳಿತ. ಜೇಬಿನ ಫೋನೂ ನೀರು ಕುಡಿದು ಸತ್ತಿತ್ತು. ಮನೆಗೆ ಹೋಗುವುದೆಂದರೆ? ಹಿಂದೊಮ್ಮೆ ಅದೇ ಓಣಿಯ ಕಾದಾ ಎಂಬವನು ಅಲ್ಜಿಯರ್ಸಿಗೆಂದು ಹೊರಟು, ರೈಲು ತಪ್ಪಿ, ಊಟದ ಹೊತ್ತಿಗೆ ವಾಪಸಾಗಿದ್ದ. "ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ" ಎಂದು ಸ್ವಾಗತಿಸಿದ ಓಣಿ ಅವನನ್ನು ಸಾಯುವವರೆಗೂ 'ರೈಲು ಕಾದಾ' ಎಂದೇ ಕರೆಯಿತು. ಹೆಣ ಎತ್ತುವಾಗಲೂ ಒಬ್ಬ, "ನೋಡ್ಕೊಳ್ರಪ್ಪ, ಈ ಸಲನಾದ್ರೂ ತಪ್ಪಿಸ್ಕೊಂಡು ಬರದೇ ಇರಲಿ" ಎಂದಿದ್ದ. ತಾನಿನ್ನು 'ಹಡಗು ಮಿಲೂದ್'. ಉಳಿದ ಆಯುಷ್ಯವೆಲ್ಲ ಆ ಹೆಸರನ್ನು ಹೊತ್ತು ರೊಟ್ಟಿ ತರಲು ಹೋಗಬೇಕು. ಸಂಜೆಯವರೆಗಾದರೂ ಯಾರ ಕಣ್ಣಿಗೂ ಬೀಳದೆ ಯೋಚಿಸಬೇಕು ಎಂದುಕೊಂಡ.

ಕಣ್ಣಿಗೆ ಬೀಳದಿರಲು ಅವನು ತಳ್ಳುಗಾಡಿಯ ವ್ಯಾಪಾರಿಯೊಬ್ಬನ ಮುಂದೆ ನಿಂತು ಕಪ್ಪು ಕನ್ನಡಕವನ್ನೂ ಊರಿನ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆದ ಬಿಳಿ ಟೊಪ್ಪಿಯನ್ನೂ ತೋರಿಸಿದ. ಬಾಯಿ ಬಿಟ್ಟರೆ ಧ್ವನಿ ಗುರುತು ಸಿಗುತ್ತದೆಂಬ ಭಯ. ಗಾಡಿಯವನು ಹೇಳಿದ ಬೆಲೆಗೆ ಅವನು ತಲೆಯಾಡಿಸಿದಾಗ ಆ ಮನುಷ್ಯನ ಮುಖವೇ ಅರಳಿತು.

"ಬಾನ್‌ಜೂರ್! ನಮ್ಮೂರಿಗೆ ಸ್ವಾಗತ, ಖೂಯಾ, ಅಣ್ಣಾ!" ಎಂದು ಟೊಪ್ಪಿಯನ್ನು ತಾನೇ ತಲೆಗಿಟ್ಟ. ಚೌಕಾಸಿ ಮಾಡದವನು ಈ ಊರಿನವನಾಗಿರಲು ಸಾಧ್ಯವೇ ಇಲ್ಲ ಎಂಬುದು ಅವನ ನಂಬಿಕೆ. ಹುಟ್ಟಿದೂರಿನಲ್ಲಿ ಮೊದಲ ಬಾರಿಗೆ ಸ್ವಾಗತ ಪಡೆದ ಮಿಲೂದ್ ಚಿಲ್ಲರೆ ಪಡೆಯುವುದನ್ನೂ ಮರೆತ.

ಅಷ್ಟರಲ್ಲಿ ಲಖ್ದರನ ಭಾವಮೈದುನ ಮೀನಿನ ಬುಟ್ಟಿ ಹೊತ್ತು ಎದುರಿಗೇ ಬರುತ್ತಿದ್ದ. ಮಿಲೂದ್ ಕಾಲಿಗೆ ಬುದ್ಧಿ ಹೇಳಿ, ಹಳದಿ ಕೊಡೆಯೊಂದರ ಸುತ್ತ ನಿಂತಿದ್ದ ನಾಲ್ಕಾರು ಪರದೇಶದವರ ನಡುವೆ ನುಗ್ಗಿ ನಿಂತ.

ಕೊಡೆ ಹಿಡಿದಿದ್ದ ತರುಣಿ ಕೈ ಮುಂದೆ ಚಾಚಿದಳು. "ಅಬ್ಬಾ, ಅಂತೂ ಬಂದ್ರಲ್ಲ! ಲಿಯಾನಿನ ಸಾಹೇಬರು ತಾನೆ? ನಾನು ವಿಸ್ಸಾಮ್, ಇವತ್ತು ನಿಮಗೆ ಊರು ತೋರಿಸೋಳು. ನಿಮಗೋಸ್ಕರಾನೇ ಕಾಯ್ತಿದ್ವಿ."

ಮಿಲೂದ್ ಗಂಟಲು ಮುಟ್ಟಿ ತೋರಿಸಿ ಕೈಯಾಡಿಸಿದ.

"ಗಂಟಲು ಹೋಗಿದೆಯಾ? ಪಾಪ, ನಮ್ಮೂರ ಗಾಳಿ ಹೊಸಬರಿಗೆ ಒಗ್ಗಲ್ಲ."

ಅರವತ್ತು ವರ್ಷಗಳಿಂದ ಅದೇ ಗಾಳಿಯನ್ನು ಉಸಿರಾಡಿದವನು ನಮ್ರವಾಗಿ ತಲೆಬಾಗಿದ.

ಗುಂಪಿನಲ್ಲಿ ಎತ್ತರದ ಪೋಲೆಂಡಿನ ದಂಪತಿಗಳಿದ್ದರು, ಕಂಡಕಂಡ ಬೆಕ್ಕಿನ ಚಿತ್ರ ತೆಗೆಯುವ ಇಟಲಿಯ ಹೆಂಗಸಿದ್ದಳು. ವಿಸ್ಸಾಮ್ ಅವರೊಡನೆ ಅವನನ್ನೂ ನಡೆಸಿಕೊಂಡು ಹೊರಟಳು. ಟ್ರಾಮಿನ ಹಳಿ ದಾಟಿ ಪುರಭವನದ ಮುಂದಿನ ಕಂಚಿನ ಸಿಂಹಗಳ ಬಳಿ ನಿಲ್ಲಿಸಿದಳು. ಆ ಸಿಂಹಗಳ ಮುಂದೆ ಮಿಲೂದ್ ತನ್ನ ಬದುಕಿನ ಅರ್ಧವನ್ನು ಟ್ರಾಮ್ ಕಾಯುತ್ತ, ಬಸ್ ಕಾಯುತ್ತ, ಬಖ್ತಾಳನ್ನು ಕಾಯುತ್ತ ಕಳೆದಿದ್ದ. ತಲೆಯೆತ್ತಿ ನೋಡಿದ್ದು ಇವತ್ತೇ. ಎಷ್ಟೋ ತಲೆಮಾರಿನ ಮಕ್ಕಳು ಹತ್ತಿ ಇಳಿದು ಆ ಬೆನ್ನು ನುಣುಪಾಗಿ ಹೊಳೆಯುತ್ತಿತ್ತು. ಅದರಲ್ಲಿ ತನ್ನ ಚಡ್ಡಿಯ ಪಾಲೂ ಇದೆ ಎಂದು ನೆನಪಾಗಿ ಅವನು ಮೆಲ್ಲಗೆ ಕೈಯಿಟ್ಟ. ಕಂಚು ಬೆಚ್ಚಗಿತ್ತು. ಯಾರೂ 'ಏನು ಮಿಲೂದ್, ಇಲ್ಲಿ?' ಎಂದು ಕೇಳಲಿಲ್ಲ. ಕುಶಲ ಹೇಳಬೇಕಾದ ಬಾಧ್ಯತೆಯಿಲ್ಲದ ಊರು ಎಷ್ಟು ವಿಶಾಲವಾಗಿ, ಎಷ್ಟು ಬೆಳ್ಳಗೆ ಕಾಣುತ್ತದೆಂದು ಅವನಿಗೆ ಬೆರಗಾಯಿತು. ಅಷ್ಟೇ ಒಂಟಿಯಾಗಿಯೂ ಕಂಡಿತು.

ಮತ್ತೆ ದಂಡೆಯ ಕಟಾಂಜನದ ಬಳಿ ಬಂದಾಗ ವಿಸ್ಸಾಮ್ ಕೆಳಗಿನ ಬಂದರನ್ನು, ಕೊಕ್ಕರೆಗಳಂತೆ ನಿಂತ ಕ್ರೇನುಗಳನ್ನು ತೋರಿಸಿದಳು. ಬೆಳಿಗ್ಗೆಯೇ ಹೊರಡಬೇಕಾಗಿದ್ದ ಮಾರ್ಸೇಯ್ ಹಡಗು ಪದ್ಧತಿಯಂತೆ ಇನ್ನೂ ಅಲ್ಲೇ ಇತ್ತು.

"ಮೊದಲು ಅಲ್ಲಿಂದ ಒಂದು ಧ್ವನಿ ಕೇಳಿಸ್ತಿತ್ತು" ಎಂದಳು. "ಒಬ್ಬ ಗಂಡಸಿನ ಧ್ವನಿ. ಮೊದಲು ಎರಡು ಸಲ ಕೆಮ್ಮೋನು, ಆಮೇಲೆ ಊರುಗಳ ಹೆಸರು. ನಮ್ಮಮ್ಮ ಆ ಕೆಮ್ಮು ಕೇಳೇ ಒಲೆಯಿಂದ ಪಾತ್ರೆ ಇಳಿಸೋಳು. ಲೋಕದ ಊರುಗಳನ್ನ ನಾನು ಕಲಿತಿದ್ದು ಶಾಲೇಲಲ್ಲ, ಅವನ ಬಾಯಲ್ಲಿ. ಈಗ ಯಂತ್ರದ ಹೆಂಗಸು ಹೇಳ್ತಾಳೆ. ಅವಳಿಗೆ ಕೆಮ್ಮೇ ಬರಲ್ಲ."

"ಆ ಮನುಷ್ಯ ಈಗ ಎಲ್ಲಿದ್ದಾನೆ?" ಪೋಲೆಂಡಿನಾತ ಕೇಳಿದ.

"ಯಾರಿಗ್ಗೊತ್ತು? ಅಷ್ಟು ಊರಿನ ಹೆಸರು ಕೂಗಿದವನು ಇಲ್ಲೇ ಯಾಕಿರ್ತಾನೆ? ಯಾವುದೋ ಹಡಗು ಹತ್ತಿ ಹೋಗಿರ್ತಾನೆ."

ಕಪ್ಪು ಕನ್ನಡಕದ ಹಿಂದೆ ಮಿಲೂದನ ಕಣ್ಣಿಗೆ ಕಡಲು ಹತ್ತಿರವಾಯಿತು. ಎದೆಯಲ್ಲಿ ಕೆಮ್ಮೊಂದು ಎದ್ದಿತು; ಕಳ್ಳನಂತೆ ಅದನ್ನು ಹಿಡಿದು ನುಂಗಿದ. ಇನ್ನು ಮೇಲೆ ಏನೇ ಆಗಲಿ, ತಾನು ಹೋಗಿದ್ದೇನೆಂಬ ಸುಳ್ಳನ್ನು ಮುರಿಯುವ ಹಕ್ಕು ತನಗೂ ಇಲ್ಲ ಎನಿಸಿತು.

"ಬನ್ನಿ, ಹಸಿವಾಗಿದೆ" ಎಂದಳು ವಿಸ್ಸಾಮ್. "ಶುಕ್ರವಾರ ಹೋಟೆಲುಗಳನ್ನ ನಂಬೋ ಹಾಗಿಲ್ಲ, ಎಲ್ಲರೂ ಮನೇಲಿ ಕುಸ್ಕುಸ್ ತಿಂತಿರ್ತಾರೆ. ಅದಕ್ಕೇ ನಿಮ್ಮನ್ನೂ ಒಂದು ಮನೆಗೇ ಕರ್ಕೊಂಡು ಹೋಗ್ತೀನಿ. ನಾಟಕದ ಮನೆ ಅಲ್ಲ, ನಿಜವಾದ ಮನೆ."

ಗುಂಪು ಹಳೆಯ ಕೇರಿಯ ಕಡೆಗೆ ಮೆಟ್ಟಿಲಿಳಿಯಿತು. ಮೊದಲ ತಿರುವಿನಲ್ಲಿ ಮಿಲೂದ್ ಟೊಪ್ಪಿ ಕೆಳಗೆಳೆದುಕೊಂಡ. ಎರಡನೆಯದರಲ್ಲಿ ಬೂಟಿನ ದಾರ ಕಟ್ಟುವ ನೆವದಿಂದ ಹಿಂದುಳಿದ. ವಿಸ್ಸಾಮ್ ಬಂದು ಪೆಟ್ಟಿಗೆಯನ್ನೇ ಎತ್ತಿಕೊಂಡು ನಡೆದಳು. ಮುಂದಿನ ತಿರುವಿನಲ್ಲಿ ಲಖ್ದರನ ಅಂಗಡಿಯ ಫಲಕ ಕಂಡಿತು. ಬಲಕ್ಕೆ ಹೋಗಲಿ ದೇವರೇ, ಎಂದು ಅವನು ಬೇಡಿಕೊಂಡ. ಹಳದಿ ಕೊಡೆ ಎಡಕ್ಕೆ ಹೊರಳಿತು. ನೀಲಿ ಬಾಗಿಲೊಂದರ ಮುಂದೆ ನಿಂತಿತು. ಹೊಸ್ತಿಲ ಕಲ್ಲು ಇನ್ನೂ ಒದ್ದೆಯಾಗಿತ್ತು.

ಬಾಗಿಲು ತೆರೆದವಳು ಬಖ್ತಾ. ನಾದಿನಿಯ ಮದುವೆಯಲ್ಲಿ ಕೊನೆಯ ಬಾರಿ ಉಟ್ಟ ಜರತಾರಿ ನಿಲುವಂಗಿ ತೊಟ್ಟಿದ್ದಳು. ಒಬ್ಬೊಬ್ಬರಿಗೂ ಎದೆಯ ಮೇಲೆ ಕೈಯಿಟ್ಟು ಸ್ವಾಗತ ಹೇಳಿದಳು. ಟೊಪ್ಪಿ ಕನ್ನಡಕಗಳ ಮುಂದೆ ಅವಳ ಕೈ ಅರೆಗಳಿಗೆ ತಡೆಯಿತು.

"ಲಿಯಾನಿನ ಸಾಹೇಬರು. ಗಂಟಲು ಹೋಗಿದೆ, ಮಾತಾಡಲ್ಲ" ಎಂದಳು ವಿಸ್ಸಾಮ್.

"ಮಾತಾಡದ ಗಂಡಸರು ಈ ಮನೆಗೆ ಅಪರೂಪ" ಎಂದಳು ಬಖ್ತಾ. "ಒಳಗೆ ಬನ್ನಿ."

ಅಂಗಳದಲ್ಲಿ ಮೇಜು ಹಾಕಿತ್ತು. ಪರದೇಶದವರಿಗೆ ನೆರೆಹೊರೆಯೂ ಇರುವ ಮನೆ ಬೇಕೆಂದು ಲಖ್ದರ್ ಹೊಸ ಅಂಗಿ ತೊಟ್ಟು, ಲಲ್ಲಾ ಸೆತ್ತಿ ಬೆಳ್ಳಿಯ ಕಾಲ್ಗಡಗ ಹಾಕಿ ಕುಳಿತಿದ್ದರು. ಮಿಲೂದ್ ತನ್ನದೇ ಕುರ್ಚಿಯ ಕಡೆಗೆ ಅಭ್ಯಾಸಬಲದಿಂದ ನಡೆದು, ತಟ್ಟನೆ ಎಚ್ಚೆತ್ತು, ಅದನ್ನು ಇಟಲಿಯ ಹೆಂಗಸಿಗೆ ಬಿಟ್ಟುಕೊಟ್ಟ.

ಹಬ್ಬದ ಪಾತ್ರೆ ಒಳಗಿನಿಂದ ಬಂತು. ಬಖ್ತಾ ಎಲ್ಲರ ಮುಂದೆಯೂ ತರಕಾರಿ, ಕುರಿಮಾಂಸ ಇಟ್ಟು, ಮಿಲೂದನ ಪಾಲಿನಿಂದ ಟರ್ನಿಪ್ಪಿನ ಹೋಳುಗಳನ್ನು ಒಂದೊಂದಾಗಿ ಎತ್ತಿದಳು. "ಸಾಹೇಬರಿಗೆ ಇದು ಆಗಿಬರಲ್ಲ ಅನ್ಸುತ್ತೆ."

ಅತಿಥಿಯ ಮುಖ ನೋಡಿಯೇ ರುಚಿ ಅರಿಯುವ ಹೆಂಗಸು, ಎಂದು ಮಿಲೂದ್ ಮನಸ್ಸಿನಲ್ಲೇ ಮೆಚ್ಚಿಕೊಂಡ. ತನಗೆ ಟರ್ನಿಪ್ ಸೇರದೆಂದು ಮನೆಯಲ್ಲಿ ಹೇಳಿ ಹೇಳಿ ಸೋತಿದ್ದ ಅವನು.

"ಮನೆ ಯಜಮಾನರು?" ಪೋಲೆಂಡಿನಾಕೆ ಕೇಳಿದಳು.

"ಕಡಲ ಮೇಲಿದ್ದಾರೆ" ಎಂದಳು ಬಖ್ತಾ. "ಇವತ್ತೇ ಹೊರಟ್ರು. ಮಾರ್ಸೇಯ್‌ಗೆ."

"ಗಂಡು ಅಂದ್ರೆ ನಮ್ಮ ಮಿಲೂದ್!" ಲಖ್ದರ್ ಎದೆ ತಟ್ಟಿದ. "ಕೆಲಸ ಅಲ್ಲ, ವ್ಯಾಪಾರ ಅಲ್ಲ. ನೋಡೋಕೆ ಹೋದ! ಈ ಓಣೀಲಿ ಇಷ್ಟು ದಿನ ಯಾರಿಗಾದ್ರೂ ಕಣ್ಣಿತ್ತಾ? ಅವನಿಗಿತ್ತು."

"ಬಂಗಾರದಂಥ ಹುಡುಗ" ಎಂದಳು ಲಲ್ಲಾ ಸೆತ್ತಿ. "ನಾನು ಅಷ್ಟು ನೀರು ಸುರಿದೆ, ಒಂದು ಮಾತು ಬೈಯ್ಲಿಲ್ಲ."

ತನ್ನ ಶವಯಾತ್ರೆಯ ಹಿಂದೆಯೇ ನಡೆಯುತ್ತ ಜನ ಆಡುವ ಒಳ್ಳೆಯ ಮಾತು ಕೇಳುವ ಯೋಗ ಎಲ್ಲರಿಗೂ ಸಿಗುವುದಿಲ್ಲ. ನಾಚಿಕೆಯಿಂದಲೋ ಸುಖದಿಂದಲೋ ಮಿಲೂದನ ಕಿವಿ ಕೆಂಪಾಯಿತು. ಹೊಗಳಿಕೆ ಏರಿದಷ್ಟೂ ಅವನು ಹತ್ತಿ ಕುಳಿತ ಮರ ಎತ್ತರವಾಗುತ್ತಿತ್ತು. ಇಳಿಯುವ ಏಣಿ ಎಲ್ಲೂ ಕಾಣಲಿಲ್ಲ.

ಆಗ ಬಂದರಿನಿಂದ ಹಡಗು ಕೂಗಿತು. ದೀರ್ಘವಾಗಿ, ತಗ್ಗಿದ ದನಿಯಲ್ಲಿ.

ಓಣಿಯ ಮಂದಿ ಮೂವತ್ತು ವರ್ಷದ ಅಭ್ಯಾಸದಂತೆ ಚಮಚ ಕೆಳಗಿಟ್ಟು ಮೌನವಾದರು. ಹಡಗು ಕೂಗಿದ ಮೇಲೆ ಒಂದು ಧ್ವನಿ ಬರಬೇಕು; ಬರುವುದಿಲ್ಲವೆಂದು ಗೊತ್ತಿದ್ದರೂ ಕಿವಿಗಳು ಕಾಯುತ್ತವೆ. ಆ ಮೌನದಲ್ಲಿ ಮಿಲೂದನ ಗಂಟಲಲ್ಲಿ ಕುಸ್ಕುಸ್ಸಿನ ಕಾಳೊಂದು ಸಿಕ್ಕಿತು.

ಅವನು ಕೆಮ್ಮಿದ. ಎರಡು ಸಲ.

ವಿಸ್ಸಾಮ್ ಅವನನ್ನು ಒಮ್ಮೆ ದಿಟ್ಟಿಸಿ ತಟ್ಟೆಯತ್ತ ಕಣ್ಣು ತಗ್ಗಿಸಿದಳು. ಲಖ್ದರ್ ಮೇಲಿನ ಆಕಾಶ ನೋಡಿದ. ಬಖ್ತಾ ಲೋಟದಲ್ಲಿ ನೀರು ತಂದು ಅವನ ಮುಂದಿಟ್ಟಳು.

"ಈಗ ನಮ್ಮ ಮಿಲೂದ್ ಹಡಗಿನ ಮೇಲೆ ನಿಂತು ಊರು ನೋಡ್ತಿರ್ತಾನೆ" ಎಂದ ಲಖ್ದರ್, ಸ್ವಲ್ಪ ತಡೆದು. "ಚೆನ್ನಾಗಿ ನೋಡ್ಲಿ."

"ನಂಗೆ ಮೇಲೆ ಸ್ವಲ್ಪ ಕೆಲಸ ಇದೆ" ಎಂದು ಲಲ್ಲಾ ಸೆತ್ತಿ ಮಂಡಿ ಹಿಡಿದುಕೊಂಡು ಎದ್ದುಹೋದಳು.

ಗಂಡಾಂತರ ಕಳೆಯಿತೆಂದು ಮಿಲೂದ್ ಉಸಿರು ಬಿಟ್ಟ. ಸಂಜೆ, ಅತಿಥಿಗಳೆಲ್ಲ ಹೋದ ಮೇಲೆ, ಹಿತ್ತಲಿನಿಂದ ನುಸುಳಿ ಬಂದು ಹೆಂಡತಿಗೊಬ್ಬಳಿಗೇ ಎಲ್ಲ ಹೇಳಿ ತನ್ನ ಕೋಣೆಯಲ್ಲಿ ಅಡಗಿದರಾಯಿತು. ಅಷ್ಟರಲ್ಲಿ ವಿಸ್ಸಾಮ್ ಪೋಲೆಂಡಿನವರ ಚೀಲಗಳನ್ನು ಒಳಗೆ ತರಿಸಿದಳು.

"ಇವರಿಬ್ರೂ ಮುಂದಿನ ಶುಕ್ರವಾರದವರೆಗೆ ಇಲ್ಲೇ ಉಳಿಯೋದು. ಕೋಣೆ ತೋರಿಸ್ತೀರಾ, ಅಮ್ಮಾ?"

ಬಖ್ತಾ ಬಾಗಿಲು ತಳ್ಳಿದಳು. ಮಿಲೂದನ ಕೋಣೆ, ಮಿಲೂದನ ಮಂಚ, ಬೆಳಿಗ್ಗೆ ಅವನ ಕಣ್ಣಲ್ಲಿ ನೀರು ತರಿಸಿದ ಆ ಹೊಸ ಹಾಸಿಗೆಬಟ್ಟೆ. ಪೋಲೆಂಡಿನಾತ ದಿಂಬನ್ನು ಒತ್ತಿ ನೋಡಿ ಸಂತೋಷಪಟ್ಟ.

ಹೊರಡುವಾಗ ಎಲ್ಲರಿಗಿಂತ ಹಿಂದೆ ಉಳಿದ ಲಿಯಾನಿನ ಸಾಹೇಬರ ಕೈಗೆ ಬಖ್ತಾ ಒಂದು ಗಂಟು ಕೊಟ್ಟಳು. "ನಮ್ಮನೆ ನೆನಪಿಗೆ" ಎಂದಳು ಜೋರಾಗಿ. ಆಮೇಲೆ ಮೆಲ್ಲಗೆ, "ಒಣ ಬನಿಯನ್ ಇದೆ. ರಕ್ತದೊತ್ತಡದ ಮಾತ್ರೆ ಬೆಳಿಗ್ಗೆ ಮರೆತು ಹೋಗಿದ್ರಿ."

ಕಪ್ಪು ಕನ್ನಡಕ ಹಾಕಿದ ಮೇಲೆ ಮಿಲೂದನ ಬಾಯಿಂದ ಹೊರಟ ಮೊದಲ ಮಾತು, ಅದೂ ಪಿಸುದನಿಯಲ್ಲಿ: "ಯಾವಾಗ ಗುರುತು ಸಿಕ್ತು?"

"ಬಾಗಿಲು ತೆಗೆದಾಗ್ಲೇ. ಬೂಟು ಕಪ್ಪೆ ಥರ ಕೂಗ್ತಿತ್ತು."

"ಬಖ್ತಾ, ಈಗ ನಾನು ಎಲ್ಲಿಗೆ ಹೋಗ್ಲಿ?"

"ಮಾರ್ಸೇಯ್‌ಗೆ" ಎಂದಳು ಅವಳು. "ಅತಿಥಿಗಳಿಗೆ ಕೊಟ್ಟ ಮಾತು ತಪ್ಪೋಕಾಗುತ್ತಾ? ಮುಂದಿನ ಶುಕ್ರವಾರದ ಹಡಗಿಗೆ ಬನ್ನಿ. ಅಲ್ಲೀವರೆಗೆ ಮೇಲಿನ ಪೇಟೇಲಿ ಹೋಟೆಲಿನಲ್ಲಿರಿ. ಪ್ರವಾಸಿ ತಾನೆ?" ಅವಳ ತುಟಿಯಂಚು ನಡುಗಿತು, ನಗುವೋ ಅಳುವೋ ತಿಳಿಯಲಿಲ್ಲ. "ಸಾಬೂನು ಮರೀಬೇಡಿ."

"ಓಣಿಯವರಿಗೆ...?"

"ಯಾರಿಗೂ ಗೊತ್ತಿಲ್ಲ, ಹೋಗಿ."

ಅವಳು ಅವನ ಹಿಂದೆ ಒಂದು ಲೋಟ ನೀರು ಚೆಲ್ಲಿದಳು. ಕಲ್ಲಿನ ಮೇಲೆ, ಮೆತ್ತಗೆ.

ಮಿಲೂದ್ ಪೆಟ್ಟಿಗೆ ಹಿಡಿದು ಅಂಗಡಿಯ ಮೂಲೆಗೆ ಬಂದಾಗ ಲಖ್ದರ್ ಬಾಗಿಲಲ್ಲಿ ನಿಂತಿದ್ದ.

"ಸಾಹೇಬರೇ, ಲಿಯಾನಿಗೆ ಹೋಗೋ ದಾರೀಲಿ ಮಾರ್ಸೇಯ್ ಸಿಗುತ್ತಂತೆ. ಅಲ್ಲಿ ನಮ್ಮ ಮಿಲೂದ್ ಕಂಡ್ರೆ ಹೇಳಿ, ಕತ್ತರಿ ಉದ್ದದ್ದೇ ಇರಲಿ ಅಂತ."

ಎದುರುಮನೆಯ ಕಿಟಕಿ ತೆರೆಯಿತು. "ನಮ್ಮ ಕೇಸರಿ ಡಬ್ಬಿಯ ವಿಷಯಾನೂ ಹೇಳ್ಬಿಡಿ ಅವರಿಗೆ!"

ಪಕ್ಕದ ಕಿಟಕಿ ತೆರೆಯಿತು. "ನನ್ನ ಮೊಮ್ಮಗಳ ಬೂಟು, ನೀಲಿ ಬಣ್ಣದ್ದು! ಅವನ ಕೆಮ್ಮಿಗೆ ಜೇನು ನೆಕ್ಕೋಕೆ ಹೇಳಿ!"

ಓಣಿಯ ಉದ್ದಕ್ಕೂ ಕಿಟಕಿಗಳು ಒಂದರ ಹಿಂದೆ ಒಂದು ತೆರೆದವು. ಯಾರೊಬ್ಬರ ಮುಖದಲ್ಲೂ ನಗುವಿನ ಸುಳಿವಿರಲಿಲ್ಲ. ಲಿಯಾನಿನ ಸಾಹೇಬರು ಪ್ರತಿಯೊಂದು ಕಿಟಕಿಗೂ ತಲೆಯಾಡಿಸುತ್ತ, ಹೇಳುತ್ತೇನೆಂದು ಎದೆ ಮುಟ್ಟುತ್ತ ನಡೆದರು.

"ತಡಿಯಪ್ಪಾ, ತಡಿ!" ಮೇಲಿನಿಂದ ಲಲ್ಲಾ ಸೆತ್ತಿಯ ದನಿ ಬಂತು. "ಅತಿಥೀನ ಹಾಗೇ ಒಣಗಿಸಿ ಕಳಿಸೋಕಾಗುತ್ತಾ?"

ಮಿಲೂದ್ ತಲೆಯೆತ್ತಿದ. ಕಂಬಿಯ ಮೇಲೆ ಬಕೆಟ್ ಏರಿ ಕುಳಿತಿತ್ತು. ಓಡಬಹುದಿತ್ತು, ಆದರೆ ಕೆಡಲು ಅವನ ಬಳಿ ಇನ್ನೇನೂ ಉಳಿದಿರಲಿಲ್ಲ. ಮಾತ್ರೆಯ ಗಂಟನ್ನು ಪೆಟ್ಟಿಗೆಯ ಕೆಳಗೆ ಮುಚ್ಚಿಟ್ಟು ಅವನು ಅಲ್ಲೇ ನಿಂತ.

ನೀರು ಬಿತ್ತು. ಟೊಪ್ಪಿಯ ಮೇಲಿನ ಅಗ್ಗದ ಕೆಂಪು ಬಣ್ಣ ಕರಗಿ, ಊರಿನ ಹೆಸರು ಅಕ್ಷರ ಅಕ್ಷರವಾಗಿ ಅವನ ಕೆನ್ನೆಯ ಮೇಲೆ ಹರಿದು ಇಳಿಯಿತು.